ನಾಣ್ಯದ ಆಟದ ಯಂತ್ರ: ಅದರ ರೋಗವೂ ಚಿಕಿತ್ಸೆಯೂ

ರೈಲ್ವೆ ನಿಲ್ದಾಣದಲ್ಲಿ ನಿಂತು, ನಾಣ್ಯವೊಂದನ್ನು ನುಂಗಿ, ತೂಕವನ್ನು ಮುದ್ರಿಸಿದ ಚೀಟಿಯನ್ನು ಹೊರಚಾಚುತ್ತಿದ್ದ ಯಂತ್ರವನ್ನು ನಮ್ಮ ಹಿರಿಯರು ಬಲ್ಲರು. ಅದೇ ಕುಲಕ್ಕೆ ಸೇರಿದ, ಆದರೆ ಅದಕ್ಕಿಂತ ಬಹಳ ಜಟಿಲವಾದ ಮತ್ತೊಂದು ಯಂತ್ರವುಂಟು. ಆಳೆತ್ತರದ ಮರದ ಪೆಟ್ಟಿಗೆ. ಅದರ ಎದೆಯಲ್ಲಿ ಟೆಲಿವಿಷನ್ನಿನಂತಹ ಪರದೆ. ಪರದೆಯ ಕೆಳಗೆ ಹಿಡಿಕೆ ಮತ್ತು ಗುಂಡಿಗಳು. ಇನ್ನೂ ಕೆಳಗೆ ನಾಣ್ಯ ಹಾಕುವ ಸೀಳುಗಂಡಿ. ೧೯೭೦ರ ದಶಕದಲ್ಲಿ ಅಮೆರಿಕ, ಜಪಾನುಗಳಲ್ಲಿ ಬೆಳೆದು ಲೋಕವನ್ನೆಲ್ಲ ಸುತ್ತಿದ ವಿಡಿಯೊ ಆಟದ ಯಂತ್ರವಿದು. ಇಂದು ಇವುಗಳಲ್ಲಿ ಅನೇಕವು ಕೆಟ್ಟು ಮೂಲೆ ಸೇರಿವೆ. ಅವನ್ನು ಸರಿಪಡಿಸಲು ಬೇಕಾದ ವಿದ್ಯೆಯ ಬಹುಭಾಗ ಕಾಲೇಜಿನ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ನಾಣ್ಯವೊಂದರ ಬೆನ್ನು ಹತ್ತಿ ನಾವೂ ಯಂತ್ರದೊಳಕ್ಕೆ ಇಳಿದು ನೋಡೋಣ.

ಆದರೆ ಇಳಿಯುವ ಮುನ್ನ ಒಂದು ಪ್ರಸಂಗ. ೧೯೭೨ರಲ್ಲಿ ಅಟಾರಿ ಸಂಸ್ಥೆಯ ಎಂಜಿನಿಯರಾದ ಅಲನ್ ಆಲ್ಕಾರ್ನ್ ಎಂಬುವರು 'ಪಾಂಗ್' ಎಂಬ ಆಟವನ್ನು ರಚಿಸಿದರು. ಅದರ ಮೊದಲ ಮಾದರಿಯನ್ನು ಕ್ಯಾಲಿಫೋರ್ನಿಯದ ಸನಿವೇಲ್ ಊರಿನ ಪಾನಗೃಹವೊಂದರಲ್ಲಿ ಪರೀಕ್ಷೆಗಾಗಿ ಇರಿಸಲಾಯಿತು. ಸ್ವಲ್ಪ ಕಾಲದಲ್ಲಿಯೇ ಯಂತ್ರ ಕೆಟ್ಟಿತೆಂದು ದೂರು ಬಂದಿತು. ತೆರೆದು ನೋಡಿದರೆ ವಿದ್ಯುನ್ಮಂಡಲಗಳಲ್ಲಿ ಯಾವ ದೋಷವೂ ಇರಲಿಲ್ಲ. ನಾಣ್ಯ ಸಂಗ್ರಹಿಸುವ ಪಾತ್ರೆ ತುಂಬಿ ತುಳುಕಿ, ಮುಂದಿನ ನಾಣ್ಯಕ್ಕೆ ದಾರಿಯೇ ಇರಲಿಲ್ಲ! ದುರಸ್ತಿಯ ಮೊದಲ ಪಾಠ ಇದೇ: ಜಟಿಲವಾದುದನ್ನು ಶಂಕಿಸುವ ಮುನ್ನ ಸರಳವಾದುದನ್ನು ಪರೀಕ್ಷಿಸತಕ್ಕದ್ದು.

ಸೀಳುಗಂಡಿಯ ಹಿಂದೆ ಕುಳಿತಿರುವುದು ಸುಂಕದವನಂತಹ ಒಂದು ಯಂತ್ರಭಾಗ. ಮೊದಲು ಒಂದು ಪುಟ್ಟ ತೊಟ್ಟಿಲು ನಾಣ್ಯದ ವ್ಯಾಸವನ್ನೂ ತೂಕವನ್ನೂ ಪರೀಕ್ಷಿಸುವುದು. ಅನಂತರ ನಾಣ್ಯವು ಇಳಿಜಾರಿನಲ್ಲಿ ಉರುಳುತ್ತ ಸ್ಥಿರಕಾಂತವೊಂದರ ಪಕ್ಕದಲ್ಲಿ ಹಾದುಹೋಗಬೇಕು. ಕಬ್ಬಿಣದ ಖೋಟಾ ಬಿಲ್ಲೆಯಾದರೆ ಕಾಂತಕ್ಕೆ ಅಂಟಿಕೊಳ್ಳುವುದು. ತಾಮ್ರ, ಬೆಳ್ಳಿಗಳು ಅಂಟುವುದಿಲ್ಲ. ಆದರೆ ಚಲಿಸುವ ವಾಹಕದಲ್ಲಿ ಸುಳಿಪ್ರವಾಹಗಳು ಹುಟ್ಟಿ, ಲೆನ್ಸನ ನಿಯಮದಂತೆ, ತಮ್ಮ ಹುಟ್ಟಿಗೆ ಕಾರಣವಾದ ಚಲನೆಯನ್ನೇ ತಡೆಯುವುವು. ಲೋಹವು ಎಷ್ಟು ಒಳ್ಳೆಯ ವಾಹಕವೋ ತಡೆಯೂ ಅಷ್ಟು ಹೆಚ್ಚು. ಆದುದರಿಂದ ಒಂದೊಂದು ಲೋಹವೂ ಒಂದೊಂದು ವೇಗದಿಂದ ಹೊರಬಂದು ಒಂದೊಂದು ದೂರದಲ್ಲಿ ಬೀಳುವುದು. ಸರಿಯಾದ ದೂರದಲ್ಲಿ ಬಿದ್ದುದಕ್ಕೆ ಮಾತ್ರ ಒಳಗೆ ಪ್ರವೇಶ.

ಈ ಸುಂಕದವನ ಮಾತು ಸರ್ಕಾರದ ಟಂಕಸಾಲೆಯವರೆಗೂ ಮುಟ್ಟಿತ್ತು. ೧೯೬೫ರಲ್ಲಿ ಅಮೆರಿಕವು ಕಾಲು ಡಾಲರಿನ ನಾಣ್ಯದಿಂದ ಬೆಳ್ಳಿಯನ್ನು ತೆಗೆದುಹಾಕಿ, ಶುದ್ಧ ತಾಮ್ರದ ತಿರುಳಿಗೆ ಇಕ್ಕೆಲಗಳಲ್ಲಿ ತಾಮ್ರ-ನಿಕ್ಕಲ್ ಮಿಶ್ರಲೋಹದ ಹೊದಿಕೆಯನ್ನು ಕೊಟ್ಟಿತು. ತೂಕವು ೬.೨೫ ಗ್ರಾಮಿನಿಂದ ೫.೬೭ ಗ್ರಾಮಿಗೆ ಇಳಿಯಿತು. ಆದರೂ ಆಗ ದೇಶದಲ್ಲಿದ್ದ ನಾಣ್ಯಯಂತ್ರಗಳು ಹೊಸ ನಾಣ್ಯವನ್ನೂ ಒಪ್ಪುವಂತೆ ಅದರ ವಿದ್ಯುದ್ಗುಣಗಳನ್ನು ಹೊಂದಿಸಲಾಗಿತ್ತು.

ಒಳಗೆ ಬಂದ ನಾಣ್ಯವು ಬೀಳುತ್ತ ಸಣ್ಣ ಸ್ವಿಚ್ಚೊಂದರ ತೆಳುತಂತಿಯನ್ನು ತಟ್ಟುವುದು. ಸ್ವಿಚ್ಚು ಕ್ಷಣಕಾಲ ಮುಚ್ಚಿ ತೆರೆದರೆ, ಒಂದು ಆಟಕ್ಕೆ ಹಣ ಸಂದಿತೆಂದು ಮಂಡಲಕ್ಕೆ ತಿಳಿಯುವುದು. ತಂತಿ ಬಾಗಿದ್ದರೆ ಯಂತ್ರವು ನಾಣ್ಯವನ್ನು ನುಂಗಿ ಸುಮ್ಮನಾಗುವುದು. ಬೆರಳಿನಿಂದ ತಂತಿಯನ್ನು ನೇರಮಾಡುವುದೇ ಇದಕ್ಕೆ ಚಿಕಿತ್ಸೆ.

ಇನ್ನು ಮಂಡಲದ ಹಲಗೆ. ಹಳೆಯ ಹಲಗೆಗಳ ತರ್ಕಬಿಲ್ಲೆಗಳಿಗೆ ೫ ವೋಲ್ಟು ಬೇಕು; ೪.೭೫ಕ್ಕಿಂತ ಕಡಿಮೆಯಾದರೆ ಅವು ನಂಬಿಕೆಗೆ ಅರ್ಹವಲ್ಲ. ಹಲಗೆಗೆ ವಿದ್ಯುತ್ತನ್ನು ತರುವ ಲೋಹದ ಸಂಪರ್ಕಗಳ ಮೇಲೆ ವರ್ಷಗಳು ಕಳೆದಂತೆ ಕಿಲುಬು ಕಟ್ಟುವುದು. ಅಲ್ಲಿ ಕೇವಲ ೦.೧ ಓಮ್ ರೋಧ ಸೇರಿತೆನ್ನೋಣ. ಹಲಗೆಯು ೫ ಆಂಪಿಯರ್ ಪ್ರವಾಹವನ್ನು ಸೆಳೆಯುತ್ತಿದ್ದರೆ, ಓಮನ ನಿಯಮದಂತೆ ೦.೫ ವೋಲ್ಟು ದಾರಿಯಲ್ಲಿಯೇ ನಷ್ಟವಾಗಿ, ಹಲಗೆಗೆ ದಕ್ಕುವುದು ೪.೫ ವೋಲ್ಟು ಮಾತ್ರ. ಚಿತ್ರ ಕದಡುವುದು, ಆಟ ನಡುವೆಯೇ ನಿಲ್ಲುವುದು. ಅವಸರದವನು ನೂರು ರೂಪಾಯಿಯ ಬಿಲ್ಲೆಗಳನ್ನು ಒಂದೊಂದಾಗಿ ಬದಲಿಸುವನು. ವಿವೇಕಿಯಾದವನು ವಿಭವಾಂತರವನ್ನು ವಿದ್ಯುತ್ ಸರಬರಾಜಿನ ಬಳಿಯಲ್ಲಿ ಒಮ್ಮೆ, ಹಲಗೆಯ ಮೇಲೆ ಒಮ್ಮೆ ಅಳೆದು, ವ್ಯತ್ಯಾಸವನ್ನು ಕಂಡು, ಸಂಪರ್ಕವನ್ನು ಉಜ್ಜಿ ಶುಚಿಮಾಡುವನು.

ಚಿತ್ರನಾಳದ ರೋಗವು ಬೇರೆ ಬಗೆಯದು. ಎಲೆಕ್ಟ್ರಾನುಗಳ ಕಿರಣವು ಪ್ರತಿ ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಗೆರೆಗಳನ್ನು ಪರದೆಯ ಮೇಲೆ ಎಳೆಯುವುದು. ಚಿತ್ರವು ಕುಗ್ಗಿದರೆ, ಅಂಚು ಬಳುಕಿದರೆ, ಹಲವು ವೇಳೆ ಅಪರಾಧಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರು. ಅದರೊಳಗಿನ ದ್ರವವು ಬಿಸಿಗೆ ಮೆಲ್ಲಮೆಲ್ಲನೆ ಆವಿಯಾಗಿ ಒಣಗುವುದು. ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುವುದೆಂಬುದು ಎಂಜಿನಿಯರರ ಲೆಕ್ಕ. ಪೆಟ್ಟಿಗೆಯನ್ನು ವಿನ್ಯಾಸ ಮಾಡುವವನು ಗಾಳಿಗೆ ಕಿಂಡಿ ಬಿಡುವುದು ಅಂದಕ್ಕಾಗಿ ಅಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಣ್ಣದ ಚಿತ್ರನಾಳದ ಆನೋಡಿನಲ್ಲಿ ಸುಮಾರು ೨೦,೦೦೦ ವೋಲ್ಟು ಇರುವುದು. ನಾಳದ ಗಾಜಿಗೆ ಒಳಗೂ ಹೊರಗೂ ವಾಹಕದ ಲೇಪವಿರುವುದರಿಂದ ನಾಳವೇ ಒಂದು ಕೆಪಾಸಿಟರಾಗಿ, ಸ್ವಿಚ್ಚು ಆರಿಸಿದ ಮೇಲೂ ವಿದ್ಯುದಂಶವನ್ನು ಹಿಡಿದಿಟ್ಟುಕೊಂಡಿರಬಹುದು. ಅನುಭವಸ್ಥರ ನೆರವಿಲ್ಲದೆ ವಿದ್ಯಾರ್ಥಿಗಳು ಇದನ್ನು ಮುಟ್ಟಕೂಡದು.

ಹಳೆಯದನ್ನು ಕಿತ್ತು ಹೊಸದನ್ನೇ ಜೋಡಿಸಿದರೆ ಆಗದೆ, ಎಂದು ಕೇಳಬಹುದು. ಕೆಲವೆಡೆ ಆಗುವುದು. ಜಪಾನಿನಲ್ಲಿ ೧೯೮೦ರ ದಶಕದಲ್ಲಿ 'ಜಮ್ಮಾ' ಎಂಬ ೫೬ ಸಂಪರ್ಕಗಳ ಜೋಡಣೆಯು ಬಳಕೆಗೆ ಬಂದ ಮೇಲೆ, ಒಂದೇ ಪೆಟ್ಟಿಗೆಯಲ್ಲಿ ಹಲಗೆಯನ್ನಷ್ಟೇ ಬದಲಿಸಿ ಬೇರೆ ಆಟವನ್ನು ನಡೆಸುವುದು ಸುಲಭವಾಯಿತು. ಆದರೆ ಎಲ್ಲ ಸುಧಾರಣೆಯೂ ಸುಧಾರಣೆಯಲ್ಲ. ಆಟದ ಬಂದೂಕು ಹಲವು ಯಂತ್ರಗಳಲ್ಲಿ ಗುರಿಯನ್ನು ಅರಿಯುವುದು ಪರದೆಯ ಮೇಲೆ ಕಿರಣವು ಹಾದ ಕ್ಷಣವನ್ನು ಗಮನಿಸಿ. ಚಪ್ಪಟೆ ಪರದೆಯಲ್ಲಿ ಅಂತಹ ಕಿರಣವೇ ಇಲ್ಲದುದರಿಂದ ಆ ಬಂದೂಕು ಕುರುಡಾಗುವುದು.

೧೯೭೮ರಲ್ಲಿ ಟೈಟೊ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ ಅವರು ರಚಿಸಿದ 'ಸ್ಪೇಸ್ ಇನ್ವೇಡರ್ಸ್' ಇನ್ನೂ ಸ್ವಾರಸ್ಯವಾದ ನಿದರ್ಶನ. ಅದರ ೮೦೮೦ ಸಂಸ್ಕಾರಕದ ಶಕ್ತಿ ಅಲ್ಪ; ಸೆಕೆಂಡಿಗೆ ಸುಮಾರು ೬೦ ಬಾರಿ ಮೂಡುವ ಚಿತ್ರದಲ್ಲಿ ಪ್ರತಿ ಬಾರಿಯೂ ಒಬ್ಬನೇ ಶತ್ರು ಸರಿಯುವನು. ೫೫ ಶತ್ರುಗಳೂ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಶತ್ರುಗಳು ಸತ್ತಂತೆಲ್ಲ ಉಳಿದವರ ಸರದಿ ಬೇಗಬೇಗ ಬಂದು ಅವರ ವೇಗ ಏರುವುದು. ಈ ಕೊರತೆಯಿಂದಲೇ ಆಟಕ್ಕೆ ಉತ್ಕಂಠೆ ಬರುವುದನ್ನು ಕಂಡು ನಿಶಿಕಾಡೊ ಅದನ್ನು ಹಾಗೆಯೇ ಉಳಿಸಿಕೊಂಡರು. ಇಂದು ಈ ಆಟವನ್ನು ಹೊಸ ಕಂಪ್ಯೂಟರಿನಲ್ಲಿ ನಡೆಸುವವನು ಅದರ ನಿಧಾನವನ್ನೂ ನಕಲು ಮಾಡಬೇಕು. ಇಲ್ಲವಾದರೆ ಆಟ ಆಟವಾಗಿ ಉಳಿಯದು.

ಕಾಲವು ಈ ಯಂತ್ರಗಳ ಪಕ್ಷದಲ್ಲಿಲ್ಲ. ಅವುಗಳ ಚಿತ್ರನಾಳಗಳ ತಯಾರಿಕೆ ಬಹುಮಟ್ಟಿಗೆ ನಿಂತುಹೋಗಿದೆ. ೧೯೯೩ರಲ್ಲಿ ಬಂದ ಕ್ಯಾಪ್ಕಾಮ್ ಸಂಸ್ಥೆಯ ಹಲಗೆಗಳಲ್ಲಿ ಗೂಢಲಿಪಿಯ ಕೀಲಿಯನ್ನು ಒಂದು ಸಣ್ಣ ಬ್ಯಾಟರಿಯು ಕಾಪಾಡುತ್ತಿತ್ತು. ಬ್ಯಾಟರಿ ಸತ್ತರೆ ಆಟವೂ ಸತ್ತಂತೆ. ಆ ಕೀಲಿಗಳನ್ನು ಮರಳಿ ತುಂಬುವ ಮಾರ್ಗವನ್ನು ಅನಂತರ ಕಂಡುಹಿಡಿದವರು ಯಂತ್ರದ ತಯಾರಕರಲ್ಲ, ಕುತೂಹಲಿಗಳಾದ ಹವ್ಯಾಸಿಗಳು. ೧೯೯೭ರಲ್ಲಿ ನಿಕೊಲಾ ಸಾಲ್ಮೋರಿಯಾ ಅವರು ಆರಂಭಿಸಿದ 'ಮೇಮ್' ಎಂಬ ತಂತ್ರಾಂಶವು ಸಾವಿರಾರು ಆಟಗಳನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಉಳಿಸಿದೆ. ಆದರೆ ಬರಹವನ್ನು ನಕಲು ಮಾಡಬಹುದೇ ಹೊರತು ಕಿರಣವನ್ನೂ ಕಾಂತವನ್ನೂ ನಾಣ್ಯದ ಸದ್ದನ್ನೂ ನಕಲು ಮಾಡಲಾಗದು. ಅವನ್ನು ಉಳಿಸಲು ಅಳೆಯಬಲ್ಲ ಕೈ ಬೇಕು. ಒಂದು ಮಲ್ಟಿಮೀಟರು, ಓಮನ ನಿಯಮ, ಊಹೆಗೆ ಮುನ್ನ ಅಳತೆ ಎಂಬ ಶಿಸ್ತು: ಇಷ್ಟಿದ್ದರೆ ವಿದ್ಯಾರ್ಥಿಯು ಕೆಟ್ಟ ಆಟದ ಯಂತ್ರಕ್ಕೆ ಮಾತ್ರವಲ್ಲ, ಮನೆಯಲ್ಲಿ ಮೌನವಾಗಿರುವ ರೇಡಿಯೊಗೂ ವೈದ್ಯನಾಗಲು ಆರಂಭಿಸಬಹುದು.