ಕರೆಂಟು ಹೋದಾಗ ಕಾಣುವ ಹೆಸರುಗಳು

ಬೆಳಗಾವಿಯ ಬಸ್ ನಿಲ್ದಾಣದ ಹೊರಗೆ ಬೆಳಿಗ್ಗೆ ಚಹಾ ಕುಡಿಯುವವರಲ್ಲಿ ಕೆಲವರು ಪೇಪರನ್ನು ನಡುವಿನಿಂದ ಬಿಡಿಸುತ್ತಾರೆ. ಮಾರುಕಟ್ಟೆ ಧಾರಣೆ ನೋಡುತ್ತಾರೇನೋ ಅಂದುಕೊಂಡಿದ್ದೆ. ಈ ಸಲ ಪಕ್ಕದಲ್ಲಿದ್ದ ಬಿಳಿ ಟೊಪಿಗೆಯ ಹಿರಿಯರ ಬೆರಳು ಎಲ್ಲಿ ನಿಲ್ಲುತ್ತದೆ ಅಂತ ಕದ್ದು ನೋಡಿದೆ. ನಿಧನ ವಾರ್ತೆ. ಅಂಚೆ ಚೀಟಿಗಿಂತ ತುಸು ದೊಡ್ಡ ಫೋಟೊ, ಹೆಸರು, ಊರು, ವಯಸ್ಸು. ಆಮೇಲೆ ಪತ್ನಿ, ಪುತ್ರರು, ಪುತ್ರಿಯರು, ಮೊಮ್ಮಕ್ಕಳು, ಅಪಾರ ಬಂಧುಬಳಗ. ಕೊನೆಯ ಸಾಲಿನಲ್ಲಿ ಅಂತ್ಯಕ್ರಿಯೆಯ ವೇಳೆ, ಇಲ್ಲವೇ ರಕ್ಷಾವಿಸರ್ಜನೆಯ ದಿನ. ಹಿರಿಯರು ಒಂದೊಂದನ್ನೂ ತುಟಿ ಆಡಿಸುತ್ತ ಓದಿ ಮುಗಿಸಿ, "ನಮ್ಮ ಪೈಕಿ ಯಾರೂ ಇಲ್ಲ" ಅಂದು ಚಹಾಕ್ಕೆ ಊದಿದರು.

ನಾನು ಹೊರಟದ್ದು ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಗೆ. ಈಚಿನ ಕೆಲವು ವರ್ಷಗಳಲ್ಲಿ ತೀರಿಕೊಂಡವರನ್ನು ಒಂದು ಊರು ಎಲ್ಲೆಲ್ಲಿ ಇಟ್ಟುಕೊಂಡಿರುತ್ತದೆ ಅಂತ ಒಂದು ದಿನ ಸುಮ್ಮನೆ ಅಡ್ಡಾಡಿ ನೋಡುವ ಆಸೆ. ಊರಿನ ಹೆಸರು ಬರೆಯುವುದಿಲ್ಲ. ಕಂಡದ್ದು ಕೇಳಿದ್ದು ಎಲ್ಲ ಒಬ್ಬೊಬ್ಬರ ಮನೆಯ ಮಾತು.

ಬಸ್ಸು ಹಿಡಿಯುವ ಮುಂಚೆ ಫ್ಲೆಕ್ಸ್ ಮುದ್ರಿಸುವ ಅಂಗಡಿಯೊಂದಕ್ಕೆ ಹೊಕ್ಕೆ. ಕಂಪ್ಯೂಟರಿನ ಮುಂದಿದ್ದ ಹುಡುಗ ಒಬ್ಬ ಅಜ್ಜನ ಫೋಟೊದಿಂದ ಹಿನ್ನೆಲೆ ಅಳಿಸುತ್ತಿದ್ದ. ಮೊಮ್ಮಗಳ ಮದುವೆಯಲ್ಲಿ ತೆಗೆದ ಚಿತ್ರವಿರಬೇಕು. ಅಜ್ಜನ ಹೆಗಲ ಮೇಲೆ ಯಾರದೋ ಕೈಯ ನಾಲ್ಕು ಬೆರಳು ಉಳಿದಿದ್ದವು. ಹುಡುಗ ಅವನ್ನೂ ಒರೆಸಿ, ಹಿಂದೆ ನೀಲಿ ಆಕಾಶ ಹಾಕಿದ. ಮೇಲೆ ಎರಡು ಸಾಲು: "ಭಾವಪೂರ್ಣ ಶ್ರದ್ಧಾಂಜಲಿ" ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಓದಿದರೆ ಎರಡೂ ಒಂದೇ. ಮರಾಠಿಯಲ್ಲಿ ಕೊನೆಯ ಅಕ್ಷರಕ್ಕೆ ದೀರ್ಘ, ಅಷ್ಟೇ ವ್ಯತ್ಯಾಸ. ಗಡಿ, ಭಾಷೆ ಅಂತ ಇಷ್ಟೊಂದು ಜಗ್ಗಾಡಿದ ನಾಡಿನಲ್ಲಿ ದುಃಖದ ಮಾತು ಒಂದು ದೀರ್ಘದ ಅಂತರದಲ್ಲಿ ನಿಂತಿದೆ. "ಕೆಲಸ ಏನ್ ಮಾಡ್ತಿದ್ರು ಅಂತ ಯಾರಾದ್ರೂ ಬರಸ್ತಾರೇನು?" ಅಂತ ಕೇಳಿದೆ. ಹುಡುಗ ಯೋಚಿಸಿದ. "ಮಾಜಿ ಸೈನಿಕರು, ಮಾಸ್ತರು, ಪಂಚಾಯ್ತಿ ಮೆಂಬರ್ ಇದ್ರ ಹಾಕ್ತೀವ್ರಿ. ಉಳದವ್ರದು ಏನ್ ಹಾಕೂದು?"

ಖಾನಾಪುರ ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು. ತಿಲಕವಾಡಿ, ಉದ್ಯಮಬಾಗ ದಾಟಿ, ಪೀರನವಾಡಿಯಲ್ಲಿ ಜಾಂಬೋಟಿಯ ದಾರಿಯನ್ನು ಬಲಕ್ಕೆ ಬಿಟ್ಟ ಮೇಲೆ ಮಣ್ಣಿನ ಬಣ್ಣ ನಿಧಾನವಾಗಿ ಕೆಂಪಾಗುತ್ತದೆ, ಗದ್ದೆಗಳು ಶುರುವಾಗುತ್ತವೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರಕ್ಕೆ ಬರುವಷ್ಟರಲ್ಲಿ ಸೇತುವೆ ಬೇಡುವಷ್ಟು ದೊಡ್ಡವಳಾಗಿರುತ್ತಾಳೆ. ಈ ಊರಿನ ಮಣ್ಣು ಹೆಂಚಿಗೆ, ಮಡಕೆಗೆ ಹೆಸರಾದದ್ದು. ಕುಂಬಾರಿಕೆ ಕಲಿಸುವ ಸಂಸ್ಥೆಯೇ ಇಲ್ಲಿದೆ. ಒಬ್ಬ ಕುಂಬಾರರ ಅಂಗಳದಲ್ಲಿ ಕುಂಡ, ಹೂಜಿ, ಹಣತೆ, ದೀಪಾವಳಿಯ ಆನೆಗಳು ಎಲ್ಲ ಬಿಸಿಲಿಗಿದ್ದವು. ಚಿತೆ ಸುತ್ತುವಾಗ ಹೆಗಲ ಮೇಲೆ ಹೊರುವ ಗಡಿಗೆ ಮಾತ್ರ ಕಾಣಲಿಲ್ಲ. ಕೇಳಿದರೆ ಅವರು ಒಳಗಿನ ಕತ್ತಲೆಯ ಕಡೆ ಗದ್ದ ಎತ್ತಿ ತೋರಿಸಿದರು. "ಅದನ್ನ ಹೊರಗಿಡಂಗಿಲ್ರಿ. ಯಾರೂ ರೇಟ್ ಕೇಳಂಗಿಲ್ಲ, ನಾವೂ ಹೇಳಂಗಿಲ್ಲ. ಕೊಟ್ಟಷ್ಟು. ಒಯ್ಯೋರಿಗೆ 'ಬರ್ರಿ' ಅಂತನೂ ಅನ್ನಂಗಿಲ್ಲ." ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನು ಒಂದು ಗಿರಾಕಿಗೆ ಹೇಳದೆ ಬಾಯಿ ಬಿಗಿಹಿಡಿಯುವುದು ಎಷ್ಟು ಕಷ್ಟ ಅಂತ ಯೋಚಿಸಿದೆ. ಹೊರಡುವಾಗ ನನಗೆ ಗಟ್ಟಿಯಾಗಿಯೇ "ಮತ್ತ ಬರ್ರಿ" ಅಂದರು.

ಎರಡನೆಯ ಬಸ್ಸು ನನ್ನನ್ನು ಊರ ತಂಗುದಾಣದ ಮುಂದೆ ಇಳಿಸಿತು. ಮೂರು ಗೋಡೆ, ಸಿಮೆಂಟಿನ ಕಟ್ಟೆ, ಗೋಡೆಯಲ್ಲೊಂದು ಬಿಳಿ ಕಲ್ಲು: ಇಂಥವರ ಸ್ಮರಣಾರ್ಥ, ಮಕ್ಕಳಿಂದ. ಎದುರಿಗೆ ಕಬ್ಬಿಣದ ಚೌಕಟ್ಟು. ಅದರಲ್ಲಿ ಒಬ್ಬ ತಾಯಿಯ ಫ್ಲೆಕ್ಸು, ಬಿಸಿಲಿಗೆ ಕುಂಕುಮವೂ ಮುಖವೂ ಒಂದೇ ಬಣ್ಣವಾಗಿವೆ. ಚೌಕಟ್ಟಿನ ಅಂಚಿನಲ್ಲಿ ಹಳೆಯ ಫ್ಲೆಕ್ಸುಗಳ ಹರಿದ ಅಂಚುಗಳು ಪದರು ಪದರಾಗಿ ತಂತಿಗೆ ಸಿಕ್ಕಿಕೊಂಡಿದ್ದವು. ಎಣಿಸಲು ನೋಡಿದೆ; ಏಳೋ ಎಂಟೋ. ಯಾವುದು ಸಾವಿನದು, ಯಾವುದು ಹುಟ್ಟುಹಬ್ಬದ ಶುಭಾಶಯದ್ದು ತಿಳಿಯಲಿಲ್ಲ. ಚೌಕಟ್ಟು ಮಾತ್ರ ಒಂದೇ.

ಊರೊಳಗೆ ಮೊದಲು ಸಿಗುವುದು ಶಾಲೆ, ಅದಕ್ಕೆ ತಾಗಿ ಗುಡಿ. ಮಧ್ಯಾಹ್ನದ ಧಗೆಗೆ ಗುಡಿಯ ಮಂಟಪದಲ್ಲಿ ನಾಲ್ಕೈದು ಜನ ಮಲಗಿದ್ದರು. ಮೇಲೆ ಮೂರು ಫ್ಯಾನುಗಳು. ನಾನು ಕುಳಿತ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಮಲಗಿದ್ದವರು ಗೊಣಗಿ ಮಗ್ಗುಲಾದರು. ಫ್ಯಾನು ನಿಧಾನವಾಗುತ್ತ ಹೋದಂತೆ ರೆಕ್ಕೆಯ ಮೇಲೆ ಕೆಂಪು ಗೆರೆ, ಆಮೇಲೆ ಅಕ್ಷರ, ಕೊನೆಗೆ ಒಂದು ಹೆಸರು ಮೂಡಿತು. ಒಂದು ರೆಕ್ಕೆಗೆ ಹೆಸರು, ಇನ್ನೊಂದಕ್ಕೆ ಅಡ್ಡಹೆಸರು, ಮೂರನೆಯದಕ್ಕೆ ಇಸವಿ. ಪೇಂಟರು ಬರೆದದ್ದು, ಒಂದು ಕಡೆ ಬಣ್ಣ ಸೋರಿ ಒಣಗಿತ್ತು. ಗಾಳಿ ಇರುವ ತನಕ ದಾನ ಕೊಟ್ಟವರು ಕಾಣುವುದಿಲ್ಲ, ಕಂಡಾಗ ಗಾಳಿ ಇರುವುದಿಲ್ಲ.

ಹೆಸರುಗಳ ಹಿಂದಿನ ಪುಟ್ಟ ಅಕ್ಷರಗಳನ್ನು ನೋಡುತ್ತ ಕುಳಿತೆ. "ಕೈ." ಅಂದರೆ ಕೈಲಾಸವಾಸಿ, ಮರಾಠಿ ಮನೆಗಳ ರೂಢಿ, ಈಗ ಕನ್ನಡದ ಹಲಗೆಗಳ ಮೇಲೂ ಬಂದಿದೆ. "ಲಿಂ." ಅಂದರೆ ಲಿಂಗೈಕ್ಯ. "ದಿ." ಎಲ್ಲರಿಗೂ ಸಲ್ಲುವ ದಿವಂಗತ. ಹೋದವರು ಎಲ್ಲಿಗೆ ಹೋದರು ಅನ್ನುವುದನ್ನು ಒಂದೊಂದು ಮನೆ ಒಂದೊಂದು ಅಕ್ಷರದಲ್ಲಿ ಮುಗಿಸಿದೆ. ಗುಡಿಯ ಅಡುಗೆಕೋಣೆಯಲ್ಲಿ ಜಾತ್ರೆಯ ಪಾತ್ರೆಗಳಿದ್ದವು. ಅವುಗಳ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು, ತಾರೀಖು. ದೊಡ್ಡ ಪಾತೇಲಿಯೊಂದನ್ನು ಬೆಳಕಿಗೆ ಹೊರಳಿಸಿ ಓದಿದೆ. 2021ರ ಮೇ. ಅದರ ಪಕ್ಕದ್ದೂ 2021. ಮತ್ತೊಂದು ಹಂಡೆಯೂ. ಪೂಜಾರಿಯವರು ಹೇಳಿದರು: "ಆ ವರ್ಷ ಮಣ್ಣಿಗೆ ನಾಕ್ ಮಂದಿ ಸೈತ ಕೂಡಲಿಲ್ರಿ. ದಿನಕ್ಕ ಊಟ ಹಾಕೂದು ಆಗ್ಲಿಲ್ಲ. ಅದಕ್ಕ ಭಾಂಡೆ ಕೊಟ್ರು." ಹಾಕಲಾಗದ ಊಟದ ಲೆಕ್ಕ ಇಲ್ಲಿ ಪಾತ್ರೆಯಾಗಿ ಕುಳಿತಿದೆ. ಪ್ರತಿ ಜಾತ್ರೆಗೆ ಅದರಲ್ಲೇ ಹುಗ್ಗಿ ಕುದಿಯುತ್ತದಂತೆ.

ತೀರಿಕೊಂಡವರ ಹೆಸರಿನಲ್ಲಿ ಊರಿಗೊಂದು ಉಪಯೋಗದ ವಸ್ತು ಮಾಡಿಸುವುದು ಈ ಸೀಮೆಗೆ ಹೊಸತಲ್ಲ. ಇದೇ ತಾಲ್ಲೂಕಿನ ಹಲಸಿ ಆಗಿನ ಪಲಾಶಿಕಾ. ಐದನೆಯ ಶತಮಾನದಲ್ಲಿ ಕದಂಬರ ಮೃಗೇಶವರ್ಮ ತೀರಿಹೋದ ತಂದೆಯ ಮೇಲಿನ ಭಕ್ತಿಯಿಂದ ಅಲ್ಲಿ ಜಿನಾಲಯ ಕಟ್ಟಿಸಿದ, ತನ್ನ ಆಳ್ವಿಕೆಯ ಎಂಟನೆಯ ವರ್ಷ 33 ನಿವರ್ತನ ಭೂಮಿ ಬಿಟ್ಟ. ತಾಮ್ರಪಟದಲ್ಲಿ ಬರೆಸಿದ್ದರಿಂದ ನಮಗೆ ಗೊತ್ತು. ಈ ಪಾತೇಲಿಯ ಕಂಠದ ಮೇಲಿನ ಬರಹವೂ ಲೋಹದ ಮೇಲಿನದೇ. ಸಬೀನಾ ಪುಡಿ ಹಾಕಿ ತಿಕ್ಕುವವರ ಕೈ ಅದನ್ನು ಎಷ್ಟು ಕಾಲ ಉಳಿಸುತ್ತದೋ.

ಒಂದು ಸಂಗತಿ ಕಣ್ಣಿಗೆ ಚುಚ್ಚಿತು. ಹೆಂಗಸರ ಹೆಸರು ಕಡಿಮೆ. ಇದ್ದಲ್ಲಿಯೂ "ಇಂಥವರ ಮಾತೋಶ್ರೀ" ಅಂತಲೇ ಹೆಚ್ಚು. ಮಂಟಪದಲ್ಲಿ ಎದ್ದು ಕುಳಿತಿದ್ದ ಒಬ್ಬರು ಈ ಊರಿನಲ್ಲಿ ನಲವತ್ತು ದಾಟಿದವರೆಲ್ಲ ಒಬ್ಬಳೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು ಅಂದರು. ಆಕೆ ತೀರಿ ಮೂರು ವರ್ಷವಾಯಿತಂತೆ. ಫ್ಯಾನಿನ ಮೇಲೆ, ಪಾತ್ರೆಯ ಮೇಲೆ ಎಲ್ಲಿಯೂ ಆಕೆಯಿಲ್ಲ. "ಹೆಸರೇನಿತ್ತು?" ಅಂದೆ. ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆಯಿ ಅಂತಿದ್ವಿ" ಅಂದರು.

ಗುಡಿಯ ಹಿಂದೆ ಬೇವಿನ ಬುಡಕ್ಕೆ ಒರಗಿ ಒಂದು ವೀರಗಲ್ಲು ನಿಂತಿದೆ. ಎಣ್ಣೆ, ಸಿಂದೂರ ಹತ್ತಿ ಕಪ್ಪು-ಕೆಂಪಾಗಿದೆ. ಇಂಥ ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಸತ್ತವನು ಸಾಯುವಾಗ ಏನು ಮಾಡುತ್ತಿದ್ದ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕುಳಿತಿರುವುದು, ನೆತ್ತಿಯ ಮೇಲೆ ಸೂರ್ಯ-ಚಂದ್ರ. ಅಪ್ಸರೆಯರು ಸ್ಪಷ್ಟವಾಗಿದ್ದರು. ಲಿಂಗವೂ. ಕೆಳಗಿನ ಪಟ್ಟಿಕೆ ಅರ್ಧಕ್ಕಿಂತ ಹೆಚ್ಚು ಮಣ್ಣಲ್ಲಿ ಹೂತಿತ್ತು. ಬೆರಳಿನಿಂದ ಮಣ್ಣು ಕೆದರಿದೆ. ಒಂದು ಬಾಗಿದ ಗೆರೆ ಸಿಕ್ಕಿತು. ದನದ ಕೋಡೋ, ಬಿಲ್ಲೋ ಹೇಳಲಾರೆ. ಮೇಲಿನ ಎರಡು ಅಂತಸ್ತು ಎಲ್ಲ ವೀರರಿಗೂ ಒಂದೇ. ಇವನು ಯಾರು ಅಂತ ಹೇಳಬೇಕಾದದ್ದು ಆ ಕೆಳಗಿನದೇ. ಬೆಳಿಗ್ಗೆ ಹುಡುಗ ಹಾಕಿದ ನೀಲಿ ಆಕಾಶ ನೆನಪಾಯಿತು.

ಅಲ್ಲಿಂದ ಸ್ಮಶಾನಕ್ಕೆ ಗದ್ದೆಯ ಬದುವಿನ ಮೇಲೆ ಹತ್ತು ನಿಮಿಷದ ದಾರಿ. ನೋಡುವುದಕ್ಕೆ ಹೆಚ್ಚೇನಿಲ್ಲ. ನಾಲ್ಕು ಕಂಬದ ಮೇಲೆ ತಗಡಿನ ಸೂರು. ಈ ಮಳೆನಾಡಿನಲ್ಲಿ ಅದಿಲ್ಲದಿದ್ದರೆ ಜೂನ್‌ನಿಂದ ಮೂರು ತಿಂಗಳು ಸಾಯುವುದೇ ಕಷ್ಟ. ಕೆಳಗೆ ಕಬ್ಬಿಣದ ಕಂಬಿಯ ಚೌಕಟ್ಟು, ಬೂದಿಯ ಬಣ್ಣ. ಆಚೆ ಲಿಂಗಾಯತರ ಜಾಗ: ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ-ಪತ್ರಿ ತುಂಬಿ ಮಣ್ಣು ಕೊಟ್ಟವರು. ಹೊಲ ಇದ್ದವರು ಹೊಲದಲ್ಲೇ ಮಾಡುತ್ತಾರಾದ್ದರಿಂದ ಇಲ್ಲಿ ಗುರುತುಗಳು ಕಡಿಮೆ, ಒಂದೆರಡು ಕಟ್ಟೆ, ಉಳಿದದ್ದು ಹುಲ್ಲು. ಯಾರೂ ಇಲ್ಲಿ ಸುಮ್ಮನೆ ಬಂದು ಕೂಡುವ ಹಾಗೆ ಕಾಣಲಿಲ್ಲ. ನಂದಗಡದ ನೆನಪಾಯಿತು. 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿ ಇದೇ ತಾಲ್ಲೂಕಿನಲ್ಲಿದೆ. ಅಲ್ಲಿನ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಸಮಾಧಿಯ ಹತ್ತಿರ ಜನ ಹೋಗಬೇಕಾದರೆ ಕೇಳಿಕೊಳ್ಳುವುದಕ್ಕೆ ಏನಾದರೂ ಇರಬೇಕೋ ಏನೋ.

ತಿರುಗಿ ಬರುವಾಗ ಬೇರೆ ಓಣಿ ಹಿಡಿದೆ. ಒಂದು ಮನೆಯ ಹಿತ್ತಲಲ್ಲಿ ಭತ್ತದ ಹುಲ್ಲಿನ ಬಣವೆ. ಮೇಲೆ ಮಳೆಗೆ ಹೊದಿಸಿ, ನಾಲ್ಕು ಮೂಲೆಗೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದಾರೆ. ಏನೋ ಕಣ್ಣು ನೋಡುತ್ತಿದ್ದಂತೆ ಅನ್ನಿಸಿ ತಲೆ ವಾರೆ ಮಾಡಿ ನೋಡಿದೆ. ಫ್ಲೆಕ್ಸು. ತಲೆಕೆಳಗಾದ ಒಬ್ಬ ಅಜ್ಜ, ಟೊಪಿಗೆ, ಮೀಸೆ, ಹಾರದ ಚಿತ್ರ. ನಾನು ಮುಜುಗರದಿಂದ ಕಣ್ಣು ಹೊರಳಿಸುವಷ್ಟರಲ್ಲಿ ದನಕ್ಕೆ ನೀರಿಡುತ್ತಿದ್ದ ಅಜ್ಜಿ ಕಂಡುಬಿಟ್ಟರು.

"ಯಾರ ಪೈಕಿ ತಮ್ಮಾ ನೀ?"

ಯಾರ ಪೈಕಿಯೂ ಅಲ್ಲ, ಬೆಳಗಾವಿಯಿಂದ ನೋಡಲು ಬಂದೆ ಅಂದೆ. ನೋಡಲು ಏನಿದೆ ಅಂತ ಅವರಿಗೆ ಅನ್ನಿಸಿರಬೇಕು. ಆದರೂ ಚೊಂಬಿನಲ್ಲಿ ನೀರು ಕೊಟ್ಟರು. ಬಣವೆಯ ಮೇಲಿದ್ದವರು ಅವರ ಯಜಮಾನರು. ಮೂರು ತಿಂಗಳು ಊರ ಮುಂದೆ ಇದ್ದು ಮನೆಗೆ ಬಂದದ್ದಂತೆ. "ಒಗೀಲಿಕ್ಕ ಬರಂಗಿಲ್ಲ, ಸುಡಲಿಕ್ಕ ಬರಂಗಿಲ್ಲ. ಅಲ್ಲಿ ಹಾಕೀನಿ. ಇದ್ದಾಗೂ ಹುಲ್ಲ ತೋಯಾಕ ಬಿಡ್ತಿರಲಿಲ್ಲ, ಮಳಿ ಮಾರಿ ಕಂಡ್ರ ಉಣ್ಣೂದು ಬಿಟ್ಟು ಏಳಾಂವ." ಆಮೇಲೆ ಅವರ ಮಾತಿಗೆ ತಡೆಯಿರಲಿಲ್ಲ. ಕೂರಿಗೆ ಹಿಡಿದರೆ ಸಾಲು ಸೊಟ್ಟಾಗುತ್ತಿರಲಿಲ್ಲ. ಮಂದಿ ಇಂಟಾನ್ ಭತ್ತಕ್ಕೆ ತಿರುಗಿದ ಮೇಲೂ ಒಂದು ಮಡಿ ಹಳೆಯ ಕೆಂಪು ಭತ್ತ ಬಿಡುತ್ತಿರಲಿಲ್ಲ. ಭಜನೆಗೆ ಕೂತರೆ ತಾಳ ತಪ್ಪುತ್ತಿದ್ದ, ಆದರೂ ತಾಳ ಬೇರೆಯವರಿಗೆ ಕೊಡುತ್ತಿರಲಿಲ್ಲ. ಒಮ್ಮೆ ಇವರ ಮೇಲೆ ಸಿಟ್ಟಾಗಿ ಗೋವಾಕ್ಕೆ ದುಡಿಯಲು ಹೋಗಿ ಎಂಟು ದಿನಕ್ಕೆ ವಾಪಸು ಬಂದ, ಮೀನಿನ ವಾಸನೆಗೆ ನಿದ್ದೆ ಹತ್ತಲಿಲ್ಲ ಅಂತ. ಅದನ್ನು ಹೇಳುವಾಗ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಫ್ಲೆಕ್ಸಿನ ಮೇಲೆ ಏನು ಬರೆದಿತ್ತು ಅಂತ ಕೇಳಿದೆ. "ಯಾಂವ ಓದ್ಯಾನ? ಫೋಟೊ ಚಲೋ ಬಂದೈತಿ."

ಸಂಜೆಯ ಬಸ್ಸಿಗೆ ತಂಗುದಾಣಕ್ಕೆ ಬಂದೆ. ಕಾಲೇಜಿನಿಂದ ಬಂದ ಹುಡುಗರು, ಸಂತೆಯ ಚೀಲ ಹಿಡಿದ ಇಬ್ಬರು ಹೆಂಗಸರು. ಬೆಳಿಗ್ಗೆ ಅವಸರದಲ್ಲಿ ಓದಿದ್ದ ಬಿಳಿ ಕಲ್ಲನ್ನು ಈಗ ನಿಧಾನವಾಗಿ ಓದಿದೆ. ಜನನ, ಮರಣ, ಅಷ್ಟೇ. ಇವರು ಏನಾಗಿದ್ದರು ಅಂತ ಹುಡುಗರನ್ನು ಕೇಳಿದರೆ ತಲೆ ಕೆರೆದುಕೊಂಡರು. ಹೆಂಗಸರಲ್ಲಿ ಹಿರಿಯರು ಹೇಳಿದರು: "ಏನೂ ಆಗಿರಲಿಲ್ರಿ, ಒಕ್ಕಲತನ. ದಿನಾ ಸಂಜಿಗೆ ಇಲ್ಲಿ ಬಂದು ಕೂಡೂದು. ಯಾರರೆ ದೂರ ಓಡ್ಕೊಂತ ಬರಾತಿದ್ರ ಬಸ್ಸಿನ ಮುಂದ ಹೋಗಿ ನಿಂತು ಬಿಡ್ತಿದ್ರು, ಅವ್ರು ಬಂದು ಹತ್ತೂ ತನಕ. ಡ್ರೈವರ್ ಬೈತಿದ್ರು. ಇವ್ರು ಬೀಡಿ ಹಚ್ಚತಿದ್ರು."

ಬಸ್ಸು ಬಂತು. ನಾವು ಹತ್ತಿದೆವು. ಕಂಡಕ್ಟರ್ ಸೀಟಿ ಊದುವುದಕ್ಕೂ, ಗದ್ದೆಯ ಬದುವಿನ ಮೇಲೆ ಹಾಲಿನ ಕ್ಯಾನು ಹಿಡಿದು ಯಾರೋ ಓಡಿ ಬರುವುದು ಕಾಣುವುದಕ್ಕೂ ಸರಿಹೋಯಿತು. ಕೆಳಗೇ ನಿಂತಿದ್ದ ಹುಡುಗನೊಬ್ಬ ಮೊಬೈಲಿನಿಂದ ಕಣ್ಣು ತೆಗೆಯದೆ ಎರಡು ಹೆಜ್ಜೆ ನಡೆದು ಬಸ್ಸಿನ ಮುಂದೆ ನಿಂತ. ಡ್ರೈವರ್ ಹಾರ್ನ್ ಬಾರಿಸಿದರು, ಏನೋ ಬೈದರು, ಗೇರು ನ್ಯೂಟ್ರಲ್ಲಿಗೆ ತಳ್ಳಿ ಕಿಟಕಿಗೆ ಮೊಣಕೈ ಊರಿದರು.