ಪೊರೆಯೊಳಗಿನ ಹಮಾಲರು

ಖಾನಾಪುರದಿಂದ ಬೆಳಗಾವಿಯ ಆಸ್ಪತ್ರೆಗೆ ಬರುವ ಕಿಡ್ನಿ ರೋಗಿಯ ರಕ್ತಪರೀಕ್ಷೆ ವರದಿಯಲ್ಲಿ ವೈದ್ಯರ ಕಣ್ಣು ಬೇಗ ಹುಡುಕುವುದು ಪೊಟ್ಯಾಸಿಯಂ ಅಂಕಿಯನ್ನು. ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ ಸರಿ. ಬಹಳ ಏರಿದರೆ ಹೃದಯದ ಬಡಿತವೇ ತಪ್ಪೀತು. ಅದೇ ರಕ್ತದಲ್ಲಿ ಸೋಡಿಯಂ ಸುಮಾರು 140. ಅಷ್ಟು ಸೋಡಿಯಂ ನಡುವೆ ಯಂತ್ರವು ಪೊಟ್ಯಾಸಿಯಂ ಒಂದನ್ನೇ ಅಳೆಯುವುದು ಹೇಗೆ?

ಗುಟ್ಟಿರುವುದು ಒಂದು ತೆಳು ಪೊರೆಯಲ್ಲಿ. ನೋಡಲು ಪಿವಿಸಿ ಪ್ಲಾಸ್ಟಿಕ್ಕು; ಒಳಗೆಲ್ಲ ಎಣ್ಣೆಯಂಥ ದ್ರವ. ಲೋಹದ ಅಯಾನು ವಿದ್ಯುದಾವೇಶ ಹೊತ್ತು, ಮೈಸುತ್ತ ನೀರಿನ ಅಣುಗಳನ್ನು ಕೂಡಿಸಿಕೊಂಡಿರುತ್ತದೆ. ತಾನಾಗಿ ಎಣ್ಣೆಗೆ ಇಳಿಯದು, ಹೊತ್ತೊಯ್ಯುವವರು ಬೇಕು. ರವಿವಾರ ಪೇಟೆಯಲ್ಲಿ ಲಾರಿಯಿಂದ ಚೀಲ ಹೊತ್ತು ಅಂಗಡಿಗೆ ಇಳಿಸಿ ಮತ್ತೆ ಲಾರಿಗೆ ಮರಳುವ ಹಮಾಲರಂತೆ ವಾಹಕ ಅಣುಗಳು ಪೊರೆಯ ಆಚೀಚೆ ಓಡಾಡುತ್ತವೆ.

ಪೊಟ್ಯಾಸಿಯಂನ ವಾಹಕ ವ್ಯಾಲಿನೊಮೈಸಿನ್, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ತಯಾರಿಸುವ ಬಳೆಯಾಕಾರದ ಅಣು. ಹೊರಮೈ ಎಣ್ಣೆಗೆ ಒಗ್ಗುತ್ತದೆ. ಒಳಗೆ ಆರು ಆಮ್ಲಜನಕ ಪರಮಾಣುಗಳು ಒಳಮುಖವಾಗಿ ನಿಂತಿವೆ. ಪೊಟ್ಯಾಸಿಯಂ ನೀರನ್ನೆಲ್ಲ ಕಳಚಿ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಸೋಡಿಯಂ ಚಿಕ್ಕದು, ಆರೂ ಆಮ್ಲಜನಕಗಳು ಅದನ್ನು ಒಟ್ಟಿಗೆ ಮುಟ್ಟಲಾರವು. ಮೇಲಾಗಿ ಅದು ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ, ಕಳಚಲು ತಗಲುವ ಶಕ್ತಿ ಮರಳಿ ಸಿಗುವುದಿಲ್ಲ. ಹೀಗಾಗಿ ಪೊಟ್ಯಾಸಿಯಂ ಕಡೆಗೆ ಸುಮಾರು 10,000 ಪಟ್ಟು ಒಲವು. ದೊಡ್ಡದನ್ನು ಒಳಬಿಟ್ಟು ಚಿಕ್ಕದನ್ನು ಹೊರಗಿಡುವುದು ಬರೀ ತೂತುಗಳಿಂದ ಆಗುವ ಕೆಲಸವಲ್ಲ!

ಯಂತ್ರದ ಪೊರೆಯೊಳಗೆ ನುಸುಳುವ ಅಯಾನುಗಳು ತೀರಾ ಕೆಲವೇ. ಜೊತೆಗಾರ ಕ್ಲೋರೈಡ್ ಹೊರಗೇ ಉಳಿಯುವುದರಿಂದ ವೋಲ್ಟೇಜ್ ಹುಟ್ಟುತ್ತದೆ. ಪೊಟ್ಯಾಸಿಯಂ ಹತ್ತು ಪಟ್ಟಾದರೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ಏರಿಕೆ. ವರದಿಯ ಅಂಕಿ ಬರುವುದು ಅಲ್ಲಿಂದ.

ವ್ಯಾಲಿನೊಮೈಸಿನ್ ಅಣುವಿನ ಕತೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಪಾಲಿದೆ. ಅಲ್ಲಿನ ಕೆ.ಆರ್.ಕೆ. ಈಶ್ವರನ್, ಎಂ. ವಿಜಯನ್ ಮತ್ತು ಸಂಗಡಿಗರು 1980ರಲ್ಲಿ ಬೇರಿಯಂ ಹಿಡಿದ ವ್ಯಾಲಿನೊಮೈಸಿನ್‌ನ ಹರಳನ್ನು ಪರೀಕ್ಷಿಸಿದರು. ಬಳೆ ಬಿಚ್ಚಿ ಅಂಡಾಕಾರಕ್ಕೆ ಹಿಗ್ಗಿತ್ತು. ಒಳಗೆ ಒಂದಲ್ಲ, ಎರಡು ಬೇರಿಯಂ ಅಯಾನುಗಳಿದ್ದವು. ಹೊರೆಗೆ ತಕ್ಕಂತೆ ವಾಹಕವೇ ಆಕಾರ ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಪುರಾವೆ ನನಗೆ ಕಂಡಿಲ್ಲ.

ಕಾರ್ಖಾನೆಯ ತೊಳೆನೀರಿನಲ್ಲಿರುವ ತಾಮ್ರ ತೆಗೆಯಲೂ ವಾಹಕಗಳ ಇಂಥದೇ ಉಪಾಯವಿದೆ. ಸಣ್ಣ ರಂಧ್ರಗಳ ಹಾಳೆಗೆ ಸೀಮೆಎಣ್ಣೆ ಕುಡಿಸಿ, ಅದರಲ್ಲಿ ಆಕ್ಸೈಮ್ ವಾಹಕ ಬೆರೆಸಿ, ಆಚೆ ಬದಿಗೆ ಗಂಧಕಾಮ್ಲ ಇಡುತ್ತಾರೆ. ವಾಹಕ ತಾಮ್ರ ಇಳಿಸಿ, ಆಮ್ಲದ ಹೈಡ್ರೋಜನ್ ಅಯಾನು ಎತ್ತಿಕೊಂಡು ಮರಳುತ್ತದೆ. ಆ ವಿನಿಮಯದ ಬಲದಿಂದ ತಾಮ್ರ, ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೂ ಸಾಗುತ್ತದೆ. ತೊಡಕೆಂದರೆ, ಎಣ್ಣೆಯೂ ವಾಹಕವೂ ದಿನ ಕಳೆದಂತೆ ಹಾಳೆಯಿಂದ ನೀರಿಗೆ ಸೋರುತ್ತವೆ. ಆಗ ಹಾಳೆಗೆ ಹೊಸದಾಗಿ ಕುಡಿಸಬೇಕು.