ನಿಮಗಿದು ಗೊತ್ತೇ? ಮನೆ ಕೆಡವಿದ ರಾತ್ರಿ ಎಲ್ಲಿ ಮಲಗುವುದು?

ಸಂಪಾಜೆ ಹೆಸರಿನ ಊರು ಒಂದಲ್ಲ, ಎರಡು. ಈಚೆಯದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿನದು, ಆಚೆಯದು ಕೊಡಗಿನದು. ಇಲ್ಲಿ ಬಸ್ ಹತ್ತಿ ಘಾಟಿ ಏರಿದರೆ ಮಡಿಕೇರಿ, ಮುಂದೆ ಮೈಸೂರು, ಬೆಂಗಳೂರು. ಹಾಳುಬಿದ್ದ ಕೇರಿಗಳನ್ನು ಸರ್ಕಾರಗಳು ಮತ್ತೆ ಕಟ್ಟಿದ ಕಥೆ, ಕಟ್ಟಲಾಗದೆ ಕೆಡಿಸಿದ ಕಥೆ ಎರಡೂ ಈ ಒಂದೇ ದಾರಿಯಲ್ಲಿ ಸಿಗುತ್ತವೆ.

◆ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸಾಯತೊಡಗಿದಾಗ ಆಡಳಿತ ಊರಿನ ಹೊರಗೆ ಗಾಳಿ ಬೆಳಕಿನ ಬಡಾವಣೆಗಳತ್ತ ಕೈಚಾಚಿತು. ಇಂದು ಶ್ರೀಮಂತರ ನೆಲೆಯೆನಿಸಿದ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದಿಂದ. ಮನೆಗಳ ಹಿಂಬದಿಯಲ್ಲಿ ಸಣ್ಣ ಗಲ್ಲಿಯೊಂದನ್ನು ಬಿಟ್ಟರು. ಅದೇ ಕನ್ಸರ್ವೆನ್ಸಿ ಲೇನ್. ಮಲ ಹೊರುವವರು ಮನೆಯ ಮುಂದೆ ಕಾಣಿಸಿಕೊಳ್ಳದೆ ಬಂದುಹೋಗಲಿ ಎಂದು ಮಾಡಿದ ದಾರಿ ಅದು. ಊರನ್ನು ಹೊಸದಾಗಿ ಕಟ್ಟಿದವರು ಜಾತಿಯನ್ನೂ ಅಳತೆ ಹಿಡಿದು ನಕ್ಷೆಯಲ್ಲಿ ಸೇರಿಸಿದ್ದರು ಎಂಬುದನ್ನು ಆ ಗಲ್ಲಿಯಲ್ಲಿ ನಿಂತಾಗ ಮರೆಯಬಾರದು.

◆ ದಂಡುಪ್ರದೇಶದ ಫ್ರೇಜರ್ ಟೌನ್ ಕೂಡ ಪ್ಲೇಗಿನ ಮಗುವೇ. ಇಲಿ ಬಿಲ ತೋಡದಂಥ ಮನೆಗಳನ್ನು ಕಟ್ಟಬೇಕೆಂಬುದು ಅಲ್ಲಿನ ಯೋಚನೆ. ಹೆಸರು ಕೊಟ್ಟ ಸ್ಟುವರ್ಟ್ ಫ್ರೇಜರ್, ನಾಲ್ವಡಿ ಕೃಷ್ಣರಾಜ ಒಡೆಯರ ಗುರುವಾಗಿದ್ದವರು.

◆ ಹಳೆ ಕೇರಿಗಳನ್ನು ಸರಿಪಡಿಸಲೆಂದೇ ಒಂದು ಟ್ರಸ್ಟ್ ಕಟ್ಟುವ ಕ್ರಮ ನಮ್ಮ ದೇಶದಲ್ಲಿ ಶುರುವಾದದ್ದು ಮುಂಬೈಯಲ್ಲಿ, 1898ರಲ್ಲಿ. ಐದೇ ವರ್ಷದಲ್ಲಿ, 1903ಕ್ಕೆ, ಮೈಸೂರು ತನ್ನ ನಗರ ಸುಧಾರಣಾ ಮಂಡಳಿಯನ್ನು ಕಟ್ಟಿಕೊಂಡಿತು. ಕೋಲ್ಕತ್ತಾಕ್ಕಿಂತ ಮೊದಲು!

◆ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಅಡಿಯಲ್ಲಿ ಒಂದು ಕಾಲುವೆ ಮಲಗಿದೆ. ದಿವಾನ್ ಪೂರ್ಣಯ್ಯ ತೋಡಿಸಿದ ನಾಲೆ ಕೊಳೆತು ನಾರತೊಡಗಿದ ಮೇಲೆ ಅದನ್ನು ಮುಚ್ಚಿ ರಸ್ತೆ ಮಾಡಿದರು. ಅದೇ ರಸ್ತೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಕೆಡವಿ ಹೊಸದು ಕಟ್ಟಬೇಕೋ, ಇದ್ದದ್ದನ್ನೇ ಗಟ್ಟಿ ಮಾಡಬೇಕೋ ಎಂಬ ಜಗಳ ಹೈಕೋರ್ಟಿನ ಮೆಟ್ಟಿಲು ಹತ್ತಿತು.

◆ ಇದೇ ಜಗಳಕ್ಕೆ ನೂರು ವರ್ಷದ ಹಿಂದೆಯೇ ಉತ್ತರ ಹುಡುಕಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್. 1914ರಲ್ಲಿ ಭಾರತಕ್ಕೆ ಬಂದು ಊರೂರು ನಡೆದು ನೋಡಿದ ಇವರು, ಕೇರಿಯ ಮೇಲೆ ಗೆರೆ ಎಳೆದು ಸೀದಾ ರಸ್ತೆ ಕೊಯ್ಯುವುದನ್ನು ಒಪ್ಪಲಿಲ್ಲ. ತೀರಾ ಶಿಥಿಲವಾದ ಮನೆಯನ್ನಷ್ಟೇ ತೆಗೆಯಿರಿ, ಆ ಜಾಗದಲ್ಲಿ ಒಂದು ಮರ, ಒಂದು ಬಾವಿಕಟ್ಟೆ, ನಾಲ್ಕು ಜನ ಕೂರುವಷ್ಟು ಬಯಲು ಉಳಿಯಲಿ ಎಂಬುದು ಅವರ ದಾರಿ. ನನಗೆ ಇವರ ಮೇಲೆ ಪ್ರೀತಿ ಹುಟ್ಟಿದ್ದು ಇಂದೋರಿನ ಒಂದು ದೀಪಾವಳಿಯಿಂದ. ಹಬ್ಬದ ಮೆರವಣಿಗೆ ಈ ಸಲ ರೂಢಿಯ ಬೀದಿಯಲ್ಲಿ ಹೋಗದು, ಯಾವ ಕೇರಿಯವರು ತಮ್ಮ ಬೀದಿಯನ್ನು ಹೆಚ್ಚು ಚೊಕ್ಕಟ ಮಾಡುತ್ತಾರೋ ಅಲ್ಲಿಯೇ ಹೋಗುತ್ತದೆ ಎಂದು ಸಾರಿದರು. ಕಸ ಸಾಗಿಸಲು ಗಾಡಿ ಪುಕ್ಕಟೆ. ಜನ ವರ್ಷಗಳ ಕೊಳೆಯನ್ನು ಹೊರಗೆ ಎಳೆದರು, ಗೋಡೆಗೆ ಸುಣ್ಣ ಬಳಿದರು. ಮೆರವಣಿಗೆಯಲ್ಲಿ ರಾಕ್ಷಸರ ಜೊತೆ ಪ್ಲೇಗಿನ ದೈತ್ಯ ಇಲಿಯೂ ಬಂತು, ಬೆಂಕಿಗೆ ಆಹುತಿಯಾಯಿತು. ದಂಡ ಹಾಕಿದ್ದರೆ ಆಗದ ಕೆಲಸ ಅದು.

◆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಬಡವರ ಹಳೆ ಕೇರಿ ಕೆಡವಿ 11 ಮಹಡಿಯ 33 ಕಟ್ಟಡ ಎಬ್ಬಿಸಿದರು. 1950ರ ದಶಕದ ಹೆಮ್ಮೆ ಅದು. 1972ರಲ್ಲಿ ಸರ್ಕಾರವೇ ಸಿಡಿಮದ್ದಿಟ್ಟು ಬೀಳಿಸತೊಡಗಿತು.

◆ ಮುಂಬೈಯಲ್ಲಿ ಕೊಳಗೇರಿಯನ್ನು ಬಿಲ್ಡರ್ ಕೈಗೆ ಕೊಡಲು ಮೊದಲು ನೂರಕ್ಕೆ 70 ನಿವಾಸಿಗಳ ಒಪ್ಪಿಗೆ ಬೇಕಿತ್ತು. ಈಗ 51 ಸಾಕು.

◆ ನಮ್ಮ ರಾಜ್ಯದ ಕೊಳಗೇರಿ ಕಾನೂನು 1973ರದು. ಒಂದು ಕೇರಿಯನ್ನು ‘ಕೊಳಗೇರಿ’ ಎಂದು ಸರ್ಕಾರ ಘೋಷಿಸುವುದು ಅವಮಾನವೆಂದು ಹೊರಗಿನವರಿಗೆ ತೋರಬಹುದು. ಒಳಗಿದ್ದವರಿಗೆ ಅದೇ ಬಾಗಿಲು. ಘೋಷಣೆಯಾದರೆ ನಲ್ಲಿ, ಶೌಚಾಲಯ, ಮುಂದೊಂದು ದಿನ ಹಕ್ಕುಪತ್ರ ಕೇಳಲು ದಾರಿ. ಆಗದಿದ್ದರೆ ಸರ್ಕಾರದ ಕಡತದಲ್ಲಿ ಆ ಕೇರಿಯೇ ಇಲ್ಲ. ಕೊಳಗೇರಿಗಳನ್ನು ನೋಡಿಕೊಳ್ಳುವ ಮಂಡಳಿಯ ಹೆಸರಿನಲ್ಲಿ ಮೊದಲಿದ್ದ ‘ನಿರ್ಮೂಲನಾ’ ಎಂಬ ಮಾತು ಹೋಗಿ ‘ಅಭಿವೃದ್ಧಿ’ ಬಂದಿದೆ. ಒಳ್ಳೆಯ ಬದಲಾವಣೆ. ಹೆಸರಿನಂತೆ ನಡೆಯಬೇಕಷ್ಟೆ.

◆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕೇರಿಯನ್ನು ಸುಧಾರಿಸುವುದು ಅಲ್ಲಿನ ಸ್ಮಾರ್ಟ್ ಸಿಟಿ ಪ್ರಸ್ತಾವನೆಯಲ್ಲೇ ಇತ್ತು. ಹೊಗೆ, ಮಸಿ, ಇಕ್ಕಟ್ಟು ಎಲ್ಲವೂ ನಿಜ. ಆದರೆ ಅದು ಬರೀ ವಾಸದ ಕೇರಿಯಲ್ಲ, ಅನ್ನದ ಕೇರಿ. ಮನೆ ಕೊಟ್ಟು ಭಟ್ಟಿ ಕಿತ್ತುಕೊಂಡರೆ ಸಂಸಾರ ನಡೆಯದು.

◆ ಬೆಂಗಳೂರಿನ ಈಜಿಪುರದ ಬಡವರ ವಸತಿಗೃಹಗಳನ್ನು ಕಟ್ಟಿ ಎರಡು ದಶಕ ಆಗುವ ಮೊದಲೇ ಕೆಲವು ಬ್ಲಾಕ್‌ಗಳು ಕುಸಿದವು. ಇದ್ದ 1,512 ಮನೆಗಳ ಜಾಗದಲ್ಲಿ ಹೊಸ ಮನೆ ಕೊಡುವ ಮಾತಾಯಿತು. ಖಾಸಗಿ ಸಹಭಾಗಿತ್ವದಲ್ಲಿ ಜಾಗದ ಒಂದು ಪಾಲು ಮಾಲ್‌ಗೆ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಜನ ತಗಡಿನ ಶೆಡ್‌ಗಳಲ್ಲಿದ್ದರು. 2013ರ ಜನವರಿಯ ಚಳಿಯಲ್ಲಿ ಆ ಶೆಡ್‌ಗಳನ್ನೂ ಜೆಸಿಬಿ ನೆಲಸಮ ಮಾಡಿತು. ಫುಟ್‌ಪಾತ್ ಮೇಲೆ ಪಾತ್ರೆ, ಹಾಸಿಗೆ, ಪುಸ್ತಕದ ಚೀಲ ಹಿಡಿದ ಮಕ್ಕಳು. ಹೊಸ ಮನೆಯ ನಕ್ಷೆ ಎಷ್ಟೇ ಚೆನ್ನಾಗಿರಲಿ, ಇವತ್ತು ರಾತ್ರಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಜೆಸಿಬಿ ತರುವ ಹಕ್ಕು ಯಾವ ಪಾಲಿಕೆಗೂ ಇರಬಾರದು.

◆ ಈಗ ನಮ್ಮ ಘಾಟಿಗೆ ಬನ್ನಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜರಿದು ಸಂಪಾಜೆ–ಮಡಿಕೇರಿ ರಸ್ತೆ ಕಡಿದುಹೋಯಿತು. ಜನ ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಿಗೆ ಇಳಿದುಬಂದರು. ಇದು ನಗರದ ಕೊಳಗೇರಿಯಲ್ಲ, ನಿಜ. ಆದರೆ ಕೊಡಗಿನಲ್ಲಿ ಸರ್ಕಾರ ಒಂದು ಸರಿಯಾದ ಕೆಲಸ ಮಾಡಿತು: ಮನೆ ಸಿಗುವ ತನಕ ಬಾಡಿಗೆಗೆಂದು ತಿಂಗಳಿಗೆ 10 ಸಾವಿರ ರೂಪಾಯಿ ಘೋಷಿಸಿತು. ಆಮೇಲೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಎರಡು ಕೋಣೆಗಳ ಮನೆಗಳ ಸಾಲು ಎದ್ದಿತು. ಗೋಡೆ ಗಟ್ಟಿ, ಮಾಡು ಗಟ್ಟಿ. ಇಲ್ಲದ್ದು ಅಂಗಳ. ಅಡಿಕೆ ಹರಡಲು, ಹಟ್ಟಿ ಕಟ್ಟಲು, ಸೌದೆ ಪೇರಿಸಿಡಲು ಜಾಗ ಬೇಕಿದ್ದ ಜನ ಅವರು. ನಕ್ಷೆ ಬರೆಯುವ ಮೊದಲು ಒಬ್ಬ ಹೆಂಗಸನ್ನಾದರೂ ಕೂರಿಸಿ ಕೇಳಬೇಕಿತ್ತು ಎಂದು ಆ ದಾರಿಯಲ್ಲಿ ಹೋಗುವಾಗಲೆಲ್ಲ ಅನಿಸುತ್ತದೆ.

◆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಹಕ್ಕುಪತ್ರ ಕೇಳುವ ಕಾನೂನಿನ ಕಲಂ ಹಳ್ಳಿಯಲ್ಲಿ 94ಸಿ, ಪಟ್ಟಣದಲ್ಲಿ 94ಸಿಸಿ. ಸುಳ್ಯ, ಕಡಬ, ಪುತ್ತೂರಿನ ತಾಲೂಕು ಕಚೇರಿಗಳ ಜಗಲಿಯಲ್ಲಿ ಈ ಎರಡು ಸಂಖ್ಯೆ ಗೊತ್ತಿಲ್ಲದವರು ಕಡಿಮೆ. ಮನೆ ಅಡಿಸ್ಥಳದ ಕಾಗದ ಕೈಗೆ ಬಂದರೆ ಜನ ತಾವೇ ಗೋಡೆ ಸಾರಿಸಿ, ಹೆಂಚು ಬದಲಿಸಿ, ಮೆಲ್ಲಗೆ ಮನೆಯನ್ನು ಮನೆಯಾಗಿಸುತ್ತಾರೆ. ನಾಳೆ ಏಳಿಸುತ್ತಾರೆಂಬ ಹೆದರಿಕೆ ಇದ್ದಷ್ಟು ದಿನ ಯಾರೂ ಸಿಮೆಂಟಿಗೆ ದುಡ್ಡು ಹಾಕುವುದಿಲ್ಲ.

◆ 2018ರ ಆ ಮಳೆಗಾಲದಲ್ಲಿ ಪರಿಹಾರ ಕೇಂದ್ರವೊಂದರ ಬಾಗಿಲಲ್ಲಿ ವಯಸ್ಸಾದ ಅಮ್ಮ ಒಬ್ಬರನ್ನು ಕಂಡೆ. ಸೆರಗು ಸೀರೆ ಪೂರ್ತಿ ಒದ್ದೆ, ಕಾಲಲ್ಲಿ ಕೆಂಪು ಕೆಸರು, ಎದೆಗೊತ್ತಿ ಹಿಡಿದ ಒಂದು ಪ್ಲಾಸ್ಟಿಕ್ ತೊಟ್ಟೆ. ಒಳಗೆ ರೇಷನ್ ಕಾರ್ಡು, ಆಧಾರ್, ನಾಲ್ಕು ಮಡಿಕೆ ಮಾಡಿದ ಹಕ್ಕುಪತ್ರ. ಒರೆಸಿಕೊಳ್ಳಲು ಬೈರಾಸು ಕೊಟ್ಟರೆ ಅವರು ಮೊದಲು ಒರೆಸಿದ್ದು ಆ ತೊಟ್ಟೆಯನ್ನು.